ತಪ್ಪೆಲ್ಲ ಗಾಡಿಯದೇ

ಭಾನುವಾರ, ಹದಿನಾಲ್ಕನೇ ತಾರೀಖು
ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ಫೋನ್ ಬಿಟ್ಟು ಅಮ್ಮ ಕಾಗದ ಬರೆದಿದ್ದಾಳೆಂದು ಗಾಬರಿಯಾಗಬೇಡ. ಇಬ್ಬರೂ ಚೆನ್ನಾಗಿದ್ದೇವೆ. ನೀನು ಫೋನ್ ಮಾಡಿದ ಕೂಡಲೇ ನಿನ್ನ ಅಪ್ಪ ಸ್ಪೀಕರ್ ಹಾಕಿಕೊಂಡು ಕೂರುತ್ತಾರೆ. ಈ ಮನೆಯಲ್ಲಿ ಗುಟ್ಟಿನ ಮಾತಿಗೆ ಉಳಿದಿರುವುದು ಕಾಗದ ಒಂದೇ. ಅವರೀಗ ಊಟ ಮಾಡಿ ಮಲಗಿದ್ದಾರೆ, ಏಳುವುದರೊಳಗೆ ಮುಗಿಸಬೇಕು.

ಮುಂದಿನ ತಿಂಗಳು ಬಂದಾಗ ನಮ್ಮ ಹಳೇ ಗಾಡಿ ಮಹಾರಾಯನನ್ನು ಎಕ್ಸ್‌ಚೇಂಜ್‌ಗೆ ಕೊಟ್ಟು ನಮಗೆ ಹೊಸ ಕಾರು ಬುಕ್ ಮಾಡುತ್ತೇನೆ ಅಂದೆಯಲ್ಲ, ಅದು ಬೇಡ. ಯಾಕೆ ಬೇಡ ಎಂದು ಹೇಳುವುದಕ್ಕೇ ಈ ಕಾಗದ.

ಆ ಗಾಡಿಯ ಪರವಾಗಿ ವಾದಿಸುವುದು ಕಷ್ಟ ಎಂದು ನನಗೂ ಗೊತ್ತು. ಆರು ವರ್ಷದ ಹಿಂದೆ ಆ ದೊಡ್ಡ ಬೂದು ಎಸ್‌ಯುವಿ ಮನೆಗೆ ಬಂದ ಮೂರನೇ ದಿನವೇ ಗೇಟಿನ ಮುಂದೆ ನಿಂತುಹೋದಾಗ, "ಹೊರಡಪ್ಪಾ ಮಹಾರಾಯ" ಎಂದು ಕೈಮುಗಿದು ಹೆಸರಿಟ್ಟವಳು ನೀನೇ. ಮೊದಲ ವರ್ಷ ಹಿಂದಿನ ಬಾಗಿಲು ಒಳಗಿನಿಂದ ತೆರೆಯುತ್ತಿರಲಿಲ್ಲ. ಎರಡನೇ ವರ್ಷ ಎಸಿ ಹಿಂದಿನ ಸೀಟಿಗೆ ಚಳಿಗಾಲ, ಮುಂದಿನ ಸೀಟಿಗೆ ಬೇಸಿಗೆ ಹಂಚಿತು. ಇಂಜಿನ್ನಿನ ಹಳದಿ ದೀಪವಂತೂ ಆರಿದರೆ ನಮಗೇ ಭಯವಾಗುವಷ್ಟು ಕಾಲ ಉರಿಯಿತು. ನಿನ್ನ ಪರೀಕ್ಷೆಯ ದಿನ ಮಹಾರಾಯನನ್ನು ಎಳೆದೊಯ್ಯುತ್ತಿದ್ದ ಟೋ ಗಾಡಿಯ ಡ್ರೈವರ್ ಪಕ್ಕ ಕೂತು ಓದುತ್ತಾ ಹೋದೆ, ನೆನಪಿದೆಯೇ? ಪ್ರತಿ ಸಲವೂ ಶೋರೂಮಿನವರದು ಒಂದೇ ಮಾತು, ಪಾರ್ಟ್ ಬಂದಿಲ್ಲ, ಮುಂದಿನ ವಾರ ಬರುತ್ತೆ. ಗಾಡಿ ಇನ್ನೂ ಅವರ ಶೆಡ್ಡಿನಲ್ಲೇ ಇರುವಾಗ ಕೌಂಟರಿನ ಹುಡುಗಿ ಫೋನ್ ಮಾಡಿ, "ಮೇಡಂ, ಸರ್ವೀಸ್ ಹೇಗಿತ್ತು ಅಂತ ಕಂಪನಿಯಿಂದ ಕೇಳ್ತಾರೆ, ಹತ್ತಕ್ಕೆ ಹತ್ತು ಮಾರ್ಕ್ಸ್ ಕೊಟ್ಬಿಡಿ" ಎನ್ನುತ್ತಿದ್ದಳು. ನಿನ್ನ ಅಪ್ಪ ಕೊಟ್ಟೂಬಿಡುತ್ತಿದ್ದರು. ಯಾಕೆಂದು ಕೇಳಿದರೆ, "ಪಾಪ, ಗಾಡಿ ಮಾಡಿದ್ದು ಅವಳಾ?" ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವುದು ಕೊಂಡವರಿಗೂ ಸಲ್ಲುತ್ತದೆ.

ಈಚೆಗೆ ನಾಲ್ಕು ತಿಂಗಳಿಂದ ಹೊಸ ಕಾಯಿಲೆ ಶುರುವಾಯಿತು. ತಿರುವಿನಲ್ಲಿ, ದಿಬ್ಬದಲ್ಲಿ, ಸಿಗ್ನಲ್ಲಿನಲ್ಲಿ ಗಾಡಿ ಗಕ್ಕನೆ ಒಂದು ಸಲ ಎಗರಿ ನಿಂತುಬಿಡುವುದು. ನೀರಿನ ಟ್ಯಾಂಕಿನ ಹತ್ತಿರದ ಏರಿನಲ್ಲಿ ಒಮ್ಮೆ ಹಿಂದಕ್ಕೆ ಜಾರಿ ಯಾರದೋ ಸ್ಕೂಟರಿನ ದೀಪ ಒಡೆಯಿತು. ಸ್ಕೂಟರಿನ ಮೇಲೆ ಯಾರೂ ಇರಲಿಲ್ಲ, ಸದ್ಯ. ಮೂರು ಸಲ ಸರ್ವೀಸ್ ಸೆಂಟರಿಗೆ ಬಿಟ್ಟೆವು. ಮೂರು ಸಲವೂ ಕಂಪ್ಯೂಟರ್ ಚುಚ್ಚಿ ನೋಡಿ, ದೋಷವಿಲ್ಲ ಎಂದು ತೊಳೆದು ಕಳಿಸಿದರು. ನಿನ್ನ ಅಪ್ಪ ರೇಗಿದರು. ನಾನೂ ಜೊತೆಗೆ ರೇಗಿದೆ.

ನಾಲ್ಕನೇ ಸಲ, ಆರು ವಾರದ ಹಿಂದಿನ ಮಂಗಳವಾರ, ಹಳೇ ಮೆಕ್ಯಾನಿಕ್ ಸಿಕ್ಕಿದರು. ಉದ್ದ ಸ್ಕ್ರೂಡ್ರೈವರಿನ ಒಂದು ತುದಿ ಇಂಜಿನ್ನಿಗೆ, ಇನ್ನೊಂದು ತುದಿ ಕಿವಿಗೆ ಇಟ್ಟು ಕೇಳುತ್ತಾರಲ್ಲ, ನೀನು ಕಿವಿ ಮೇಷ್ಟ್ರು ಎನ್ನುತ್ತಿದ್ದೆಯಲ್ಲ, ಅವರೇ. "ಯಂತ್ರ ಬೇಡ, ಓಡಿಸಿ ನೋಡೋಣ" ಎಂದು ನಮ್ಮಿಬ್ಬರನ್ನೂ ಗಾಡಿ ಹತ್ತಿಸಿ ತಾವೂ ಹತ್ತಿದರು. ಮೊದಲು ಅಪ್ಪ ಓಡಿಸಿದರು, ಅರ್ಧ ಮೈಲಿಯಲ್ಲಿ ಎರಡು ಸಲ ನಿಂತಿತು. ಆಮೇಲೆ ಮೇಷ್ಟ್ರು ಓಡಿಸಿದರು, ಒಂದು ಸಲವೂ ನಿಲ್ಲಲಿಲ್ಲ. ಆಮೇಲೆ, "ಅಮ್ಮಾ, ಈಗ ನೀವು" ಎಂದರು.

ನಿನಗೆ ಗೊತ್ತಲ್ಲ, ನೀನು ಹುಟ್ಟುವ ಮೊದಲು ತೆಗೆದ ಲೈಸೆನ್ಸನ್ನು ನವೀಕರಿಸಿ ನವೀಕರಿಸಿ ಬೀರುವಿನಲ್ಲಿ ಇಟ್ಟವಳು ನಾನು. ಓಡಿಸು ಎಂದಾಗಲೆಲ್ಲ, "ನೀವಿರೋವಾಗ ನನಗ್ಯಾಕ್ರೀ?" ಎಂದು ತಪ್ಪಿಸಿಕೊಳ್ಳುತ್ತಿದ್ದೆ. ಅವತ್ತು ಬೆನ್ನೆಲ್ಲ ಬೆವತು, ಸ್ಟೀರಿಂಗನ್ನು ಬಾವಿಯ ಹಗ್ಗದ ಹಾಗೆ ಹಿಡಿದು, ಸರ್ವೀಸ್ ಸೆಂಟರಿನ ಹಿಂದಿನ ಖಾಲಿ ರಸ್ತೆಯಲ್ಲಿ ಎರಡು ಸುತ್ತು ಬಂದೆ. ಮಹಾರಾಯ ಹಸುವಿನ ಹಾಗೆ ನಡೆದ.

ಅಪ್ಪ ಇಳಿದು ಕೌಂಟರಿನ ಕಡೆ ಹೋದರು. ನಾನು ಚೀಲ ಎತ್ತಿಕೊಳ್ಳಲು ಬಗ್ಗಿದಾಗ ಪೆಡಲುಗಳ ಕೆಳಗೆ ಅವರ ಎಡಗಾಲಿನ ಚಪ್ಪಲಿ ಕಂಡಿತು. ತಲೆ ಎತ್ತಿ ನೋಡಿದರೆ ಅವರು ಒಂದು ಕಾಲಿಗೆ ಚಪ್ಪಲಿ, ಒಂದು ಕಾಲು ಬರಿದು, ಮಧ್ಯಾಹ್ನದ ಕಾದ ಸಿಮೆಂಟಿನ ಮೇಲೆ ನಿಶ್ಚಿಂತೆಯಿಂದ ನಡೆದು ಹೋಗುತ್ತಿದ್ದಾರೆ. ಅವರಿಗೆ ಗೊತ್ತೇ ಆಗಿಲ್ಲ. ಮೊದಲು ಓಡಿಸುವಾಗಲೇ ಜಾರಿಬಿದ್ದಿರಬೇಕು.

ಆಗ ಎಲ್ಲ ಒಟ್ಟಿಗೆ ತಿಳಿಯಿತು, ಪುಟ್ಟಿ. ಕ್ಲಚ್ಚಿನ ಮೇಲೆ ಕಾಲಿದೆಯೋ ಇಲ್ಲವೋ ಅವರಿಗೆ ತಿಳಿಯುತ್ತಿಲ್ಲ. ತಿಂಗಳಿಗೆ ಇನ್ನೂರು ಜನರನ್ನು ತನ್ನ ಕನ್ನಡಕದ ಅಂಗಡಿಯಲ್ಲಿ ಕೂರಿಸಿ, "ನಂಬರ್ ಹೆಚ್ಚಾಗಿದೆ, ಒಪ್ಕೊಳ್ಳಿ, ಬೇರೆ ದಾರಿಯಿಲ್ಲ" ಎನ್ನುವ ಮನುಷ್ಯ ತನ್ನ ಕಾಲಿನ ವಿಷಯದಲ್ಲಿ ಯಾರಿಗೂ ಏನೂ ಹೇಳಿಲ್ಲ.

ಚಪ್ಪಲಿ ತೆಗೆದುಕೊಂಡು ಹೋಗಿ ಅವರ ಕಾಲಬಳಿ ಇಟ್ಟೆ. "ಓಹ್" ಎಂದು ಹಾಕಿಕೊಂಡರು. ನನ್ನ ಮುಖ ನೋಡಲಿಲ್ಲ. ನಾನು ನೇರ ಗಾಡಿ ತೊಳೆಯುವ ಜಾಗಕ್ಕೆ ಹೋಗಿ ಮೇಷ್ಟ್ರನ್ನು ಹಿಡಿದೆ. "ಗಾಡಿಯಲ್ಲೇ ಏನೋ ತೊಂದರೆ ಅಂತ ಬರೀತೀರಾ? ಅವರು ಓಡಿಸಬಾರದು, ಆದರೆ ಅವರ ಕಾಲಿನ ಮಾತು ಬರಬಾರದು" ಎಂದೆ. ಸುಳ್ಳು ಬರೆಯಿರಿ ಎಂದು ಕೇಳುವಾಗ ನಾಲಿಗೆ ತಡವರಿಸಿತು. ಅವರು ಕೈ ಒರೆಸಿಕೊಂಡು, ರಿಪೇರಿಯ ವಿವರ ಬರೆಯುವ ಜಾಬ್ ಕಾರ್ಡನ್ನು ಜೇಬಿನಿಂದ ಹೊರಗೆಳೆದರು. "ಬರ್ದಾಗಿದೆ ಕಣಮ್ಮಾ." ಕಾರ್ಡಿನಲ್ಲಿ ಹೀಗಿತ್ತು: ಕ್ಲಚ್ ಬಹಳ ಸೂಕ್ಷ್ಮವಾಗಿದೆ. ಹಗುರ ಕಾಲಿನವರು ಒಬ್ಬರೇ ಓಡಿಸತಕ್ಕದ್ದು. ಎಷ್ಟು ಬೇಗ ಅರ್ಥಮಾಡಿಕೊಂಡರಲ್ಲ, ಚಪ್ಪಲಿ ಅವರಿಗೂ ಕಂಡಿರಬೇಕು ಎಂದುಕೊಂಡೆ.

ಅಪ್ಪ ಕಾರ್ಡನ್ನು ಕನ್ನಡಕ ಏರಿಸಿ ಎರಡು ಸಲ ಓದಿದರು. "ನೋಡಿದ್ಯಾ, ನಾನು ಅವತ್ತಿಂದ ಹೇಳ್ತಿಲ್ವಾ, ಗಾಡೀದೇ ತಪ್ಪು ಅಂತ. ತಗೋ ಕೀಲಿ." ಅಷ್ಟೇ. ಒಂದು ವಾದವಿಲ್ಲ, ಒಂದು ಮುನಿಸಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮ ಮನೆಯಲ್ಲಿ ನೆಲವೇ ಮುಂದೆ ಬಂದು, ಹೌದು, ನಾನೇ ಡೊಂಕು ಎಂದು ಒಪ್ಪಿಕೊಂಡುಬಿಟ್ಟಿದೆ.

ಅವತ್ತಿಂದ ನಾನೇ ಡ್ರೈವರ್. ಕಾಲೇಜಿನ ಲೈಬ್ರರಿ ಕೆಲಸಕ್ಕೆ ಹೋಗುತ್ತಾ ಅವರನ್ನು ಅಂಗಡಿಗೆ ಬಿಡುತ್ತೇನೆ, ಸಂಜೆ ಕರೆತರುತ್ತೇನೆ. ಮೊದಲ ವಾರ ಹಿಂದಿನವರೆಲ್ಲ ಹಾರನ್ ಹೊಡೆದರು. ಈಗ ಕಡಿಮೆ. ಕವಿತೆ ಓದುವಾಗ ಸಾಲು ಮುಗಿದ ಮೇಲೆ ಒಂದು ಗಳಿಗೆ ತಡೆಯುತ್ತೇವಲ್ಲ, ಕ್ಲಚ್ ಬಿಡುವುದೂ ಹಾಗೇ ಎಂದು ತಿಳಿದ ದಿನ ಸ್ಟೀರಿಂಗಿನ ಮೇಲಿನ ಹಿಡಿತ ಸಡಿಲಿಸಿದೆ. ಇದನ್ನು ಅವರಿಗೆ ಹೇಳಿದೆ. "ಕನ್ನಡ ಎಂ.ಎ. ಮಾಡಿದ್ದು ಇಷ್ಟು ವರ್ಷಕ್ಕೆ ಉಪಯೋಗಕ್ಕೆ ಬಂತು" ಎಂದರು.

ಪಕ್ಕದ ಸೀಟಿನಲ್ಲಿ ಅವರು ಬೇರೆಯೇ ಮನುಷ್ಯ. ಮೂವತ್ತು ವರ್ಷ ರಸ್ತೆ ನೋಡಿದವರು ಈಗ ರಸ್ತೆಯ ಬದಿ ನೋಡುತ್ತಾರೆ. ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದಿ, "ಈ ಅಕ್ಷರ ಆರು ಮೀಟರ್‌ನಿಂದ ಯಾರಿಗೆ ಕಾಣುತ್ತೆ?" ಎಂದು ಅಂಕ ಕೊಡುತ್ತಾರೆ. ನಿನ್ನೆ ದರ್ಜಿ ಅಂಗಡಿಯ ಮೇಲಿನ ಮಹಡಿಯಲ್ಲಿ ಯಾರೋ ದಿನಾ ಹಕ್ಕಿಗಳಿಗೆ ಕಾಳು ಹಾಕುವುದನ್ನು ತೋರಿಸಿದರು. ಇಷ್ಟು ವರ್ಷ ಆ ದಾರಿಯಲ್ಲೇ ಹೋದವರು ನಾವು. ಟೂ ವೀಲರ್ ಅಡ್ಡ ಬಂದರೆ ಮಾತ್ರ ಅವರ ಎರಡೂ ಕಾಲು ಅಲ್ಲಿ ಇಲ್ಲದ ಬ್ರೇಕನ್ನು ಒತ್ತುತ್ತವೆ. ನನಗೆ ನಗು ಬರುತ್ತದೆ, ನಗುವುದಿಲ್ಲ.

ಈಗ ತಿಳಿಯಿತೇ, ಹೊಸ ಕಾರು ಯಾಕೆ ಬೇಡವೆಂದು? ಹೊಸ ಕಾರು ತಪ್ಪು ಮಾಡುವುದಿಲ್ಲ. ಅದು ಮನೆಗೆ ಬಂದ ದಿನ, ಕೀಲಿ ಯಾರ ಕೈಗೆ ಎಂಬ ಪ್ರಶ್ನೆ ಬರುತ್ತದೆ. ಅವರು ಹತ್ತಿ ಕೂತರೆ ಅಪಾಯ, ಕೂರದಿದ್ದರೆ ಎಲ್ಲರ ಎದುರು ಕಾರಣ ಹೇಳಬೇಕು. ಎರಡೂ ಅವರಿಗೆ ಬೇಡ.

ನನ್ನನ್ನು ಕೊರೆಯುತ್ತಿರುವುದು ಒಂದೇ. ಡಾಕ್ಟರಿಗೆ ತೋರಿಸಬೇಕು. ಹೇಗೆ ಮಾತು ತೆಗೆಯಲಿ? "ನನ್ನ ರಕ್ತ ಪರೀಕ್ಷೆಗೆ ಹೋಗ್ತಿದ್ದೀನಿ, ನಿಮ್ಮದೂ ಮಾಡಿಸೋಣ" ಎಂದು ಎರಡು ಸಲ ಬಲೆ ಬೀಸಿದೆ. ಸಿಕ್ಕಿಬೀಳಲಿಲ್ಲ. ಏನೋ ವಿಟಮಿನ್ ಮಾತ್ರೆ ತಂದುಕೊಂಡಿದ್ದಾರೆ, ಅದನ್ನೇ ತಪ್ಪದೆ ನುಂಗುತ್ತಾರೆ. ನಿನ್ನ ಮಾತಾದರೆ ಕೇಳಿಯಾರು. ಬಂದಾಗ ಉಪಾಯದಿಂದ ಕರೆದುಕೊಂಡು ಹೋಗು, ಕಾಲು ಎನ್ನಬೇಡ, ವಯಸ್ಸು ಎನ್ನು.

ಬರುವ ದಿನ ತಿಳಿಸು. ಸ್ಟೇಷನ್ನಿಗೆ ನಾನೇ ಗಾಡಿ ತರುತ್ತೇನೆ. ಅಪ್ಪ ಪಕ್ಕದಲ್ಲಿ ಕೂತು ನನಗೆ ದಾರಿ ಹೇಳುತ್ತಾರೆ, ನನಗೆ ಗೊತ್ತಿರುವ ದಾರಿಯನ್ನೇ. ನೀನು ಹಿಂದೆ ಕೂತು ಗಾಡಿಯನ್ನು ಬೈದುಕೊಂಡು ಬಾ.

ಹಗುರ ಕಾಲಿನ
ನಿನ್ನ ಅಮ್ಮ

ಮತ್ತೆ ಸೇರಿಸಿದ್ದು: ನೀನು ನೋಡಿ ನಗಲಿ ಎಂದು ಆ ಜಾಬ್ ಕಾರ್ಡನ್ನೂ ಕವರಿಗೆ ಹಾಕೋಣವೆಂದು ಈಗ ಗಾಡಿಯ ಕಾಗದಗಳ ಚೀಲ ತೆಗೆದೆ. ಕಾರ್ಡಿನ ಮಡಿಕೆಯೊಳಗೆ ನರಗಳ ಡಾಕ್ಟರ ಚೀಟಿಯಿತ್ತು. ಆ ಮಂಗಳವಾರಕ್ಕಿಂತ ಎರಡು ವಾರ ಹಿಂದಿನ ತಾರೀಖು. ಎಡಗಾಲು, ಸಕ್ಕರೆ ಕಾಯಿಲೆ, ಮಾತ್ರೆಗಳ ಹೆಸರು, ಗಾಡಿ ಓಡಿಸಬಾರದು ಎಂದು ಅಡಿಗೆರೆ. ಸಿಕ್ಕ ಕಾಗದದ ಹಿಂದೆ ಕೆಲಸಗಳ ಪಟ್ಟಿ ಬರೆದು, ಆದದ್ದಕ್ಕೆ ಸರಿ ಗುರುತು ಹಾಕುವ ಅವರ ಚಾಳಿ ನಿನಗೆ ಗೊತ್ತು. ಈ ಚೀಟಿಯ ಹಿಂದೆ ಮೂರು ಸಾಲಿದೆ. ಮಾತ್ರೆ ತರುವುದು, ಅವಳು ಕೇಳಿದರೆ ವಿಟಮಿನ್: ಸರಿ ಗುರುತು. ಮೆಕ್ಯಾನಿಕ್‌ಗೆ ಹೇಳಿಡುವುದು, ತಪ್ಪು ಗಾಡಿ ಮೇಲೆ ಹಾಕಲಿ, ಹೇಗಾದರೂ ಅವಳು ಓಡಿಸುವ ಹಾಗಾಗಲಿ: ಸರಿ ಗುರುತು. ಮೂರನೆಯದು, ಪುಟ್ಟಿಗೆ ಹೇಳುವುದು. ಅದರ ಮುಂದೆ ಇನ್ನೂ ಖಾಲಿ.

ಚೀಟಿಯನ್ನು ಇದ್ದ ಮಡಿಕೆಯಲ್ಲೇ ಮಡಿಸಿ, ಕಾರ್ಡನ್ನೂ ಅಲ್ಲೇ ಇಟ್ಟೆ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗು ಎಂದದ್ದನ್ನು ಮರೆತುಬಿಡು. ಆ ಗುರುತು ಬೀಳುವವರೆಗೆ ನಿನಗೆ ಏನೂ ಗೊತ್ತಿಲ್ಲ. ನನಗೂ ಗೊತ್ತಿಲ್ಲ.