ಒಳಗೂ ನೀಲಿ

ಶುಕ್ರವಾರ, ಬೆಳಗಿನ ತಿಂಡಿಯ ಹೊತ್ತು

ಪ್ರೀತಿಯ ಬಣ್ಣಗಾರ್ತಿಗೆ,

ಮೊದಲು ತಪ್ಪೊಪ್ಪಿಗೆ. ಕಟಕಟೆಯಲ್ಲಿ ನಿಂತು, ಎಡಗೈಯನ್ನು ಎದೆಯ ಮೇಲಿಟ್ಟುಕೊಂಡು (ಬಲಗೈಯಲ್ಲಿ ಪೆನ್ನಿದೆ) ಸತ್ಯವನ್ನೇ ಹೇಳುತ್ತೇನೆ: ಎಂಟು ತಿಂಗಳಿಂದ ನೀನು ಹುಡುಕುತ್ತಿರುವ ಆ ಹಳೆಯ ಶೇಡ್ ಕಾರ್ಡ್ ಕದ್ದವನು ನಾನು. ಬಣ್ಣಬಣ್ಣದ ಪಟ್ಟಿಗಳು ಬೀಸಣಿಗೆಯಂತೆ ಬಿಚ್ಚಿಕೊಳ್ಳುವ, ಅಂಚಿನಲ್ಲಿ ನಿನ್ನ ಹೆಬ್ಬೆರಳಿನ ಹಸಿರು ಗುರುತಿರುವ ಅದೇ ಕಾರ್ಡು. ನೀನು ಊರು ಬಿಡುವ ಹಿಂದಿನ ದಿನ, ನೀನು ಸ್ನಾನಕ್ಕೆ ಹೋಗಿದ್ದಾಗ ಚೀಲದಿಂದ ಎತ್ತಿ ನನ್ನ ತರ್ಕಶಾಸ್ತ್ರದ ದಪ್ಪ ಪುಸ್ತಕದೊಳಗೆ ಬಚ್ಚಿಟ್ಟೆ. ಆ ಪುಸ್ತಕವನ್ನು ಈ ಮನೆಯಲ್ಲಿ ಯಾರೂ ತೆರೆಯುವುದಿಲ್ಲ, ಕಾಲೇಜಿನಲ್ಲಿ ಅದನ್ನೇ ಪಾಠ ಮಾಡುವ ನಾನೂ ಸೇರಿ. ನೀನು ಫೋನ್ ಮಾಡಿ ಕೇಳಿದಾಗ, ವ್ಯಾನಿನಲ್ಲಿ ಬಿದ್ದಿರಬೇಕು ಅಂತ ನಿನ್ನ ಬಣ್ಣದಂಗಡಿಯ ಡ್ರೈವರ್ ತಲೆಗೆ ಕಟ್ಟಿದೆ. ಪಾಪ, ಸೀಟು ಕಿತ್ತು ಹುಡುಕಿದನಂತೆ. ಇವತ್ತು ಅದೇ ಡ್ರೈವರ್ ಕೈಯಲ್ಲಿ ಅದೇ ಕಾರ್ಡನ್ನು ಈ ಪತ್ರದ ಜೊತೆ, ಒಂದು ಪೆಟ್ಟಿಗೆಯ ಜೊತೆ ಕಳಿಸುತ್ತಿದ್ದೇನೆ. ಪತ್ರ ಮುಗಿಯುವ ತನಕ ಪೆಟ್ಟಿಗೆ ಬಿಚ್ಚಬೇಡ. ಬಿಚ್ಚಿಬಿಟ್ಟೆಯಾ? ಗೊತ್ತಿತ್ತು.

ಹೌದು ಕಣೇ, ಮೊಟ್ಟೆ! ನೀಲಿ ಮೊಟ್ಟೆ! ನಮ್ಮ ಹಿತ್ತಲಿನದು! ಅಕ್ಷರ ಕೋಳಿ ಕೆದಕಿದಂತಿದ್ದರೆ ಕ್ಷಮಿಸು, ಬುಧವಾರದಿಂದ ನಾನು ಕೂತಲ್ಲಿ ಕೂರುತ್ತಿಲ್ಲ.

ನಿಧಾನವಾಗಿ ಹೇಳುತ್ತೇನೆ. ಹೇಳಬೇಕಾದರೆ ಆ ಸಂಜೆಯಿಂದಲೇ ಶುರು ಮಾಡಬೇಕು, ಅದೇ ಕಷ್ಟ.

ಆವತ್ತು ಯಾರೋ ಗಿರಾಕಿ ಹೆಂಗಸು ಬೆಂಕಿಪೊಟ್ಟಣದಲ್ಲಿ ಅರ್ಧ ಮೊಟ್ಟೆಚಿಪ್ಪು ತಂದು, ಮಗುವಿನ ಕೋಣೆಗೆ ಇದೇ ಬಣ್ಣ ಬೇಕು ಅಂದಿದ್ದಳು. ನೀನು ಹನ್ನೊಂದು ಸಲ ಬೆರೆಸಿದೆ, ಹನ್ನೊಂದು ಸಲವೂ ತಪ್ಪಿತು, ಅವಳು ಚಿಪ್ಪು ಎತ್ತಿಕೊಂಡು ಹೊರಟುಹೋದಳು. ನೀನು ಮೊಣಕೈ ತನಕ ನೀಲಿಯಾಗಿ ಮನೆಗೆ ಬಂದು, ಚಪ್ಪಲಿ ಕೂಡ ಬಿಡದೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಆ ಬಣ್ಣ ಹೇಗಿತ್ತು ಅಂತ ಹೇಳುತ್ತಲೇ ಇದ್ದೆ. ನಾನು ಉತ್ತರ ಪತ್ರಿಕೆಗಳಿಂದ ತಲೆ ಎತ್ತದೆ ತರ್ಕ ಹೂಡಿದೆ: ಮೊಟ್ಟೆಗಳೆಲ್ಲ ಬಿಳಿ, ಇಲ್ಲವೇ ಕಂದು, ನೀನು ಕಂಡದ್ದು ಎರಡೂ ಅಲ್ಲ, ಆದ್ದರಿಂದ ಅದಕ್ಕೆ ಯಾರೋ ಬಣ್ಣ ಬಳಿದಿದ್ದಾರೆ. ಅಲ್ಲಿಗೆ ನಿಲ್ಲಿಸಿದ್ದರೆ ಅದೊಂದು ಕೋಳಿಜಗಳವಾಗಿ ಮುಗಿಯುತ್ತಿತ್ತು. ಇಪ್ಪತ್ತು ವರ್ಷ ಬಣ್ಣ ಬೆರೆಸಿದವಳಿಗೆ ಬಳಿದ ಬಣ್ಣ ಯಾವುದು ಅಂತ ಗೊತ್ತಾಗಲಿಲ್ಲವಾ ಅಂತ ಕೇಳಿ ನಕ್ಕೆ. ನೀನು ಜಗಳ ಆಡಲಿಲ್ಲ. ಕೈ ತೊಳೆದುಕೊಳ್ಳಲು ಹೋದೆ. ಆಮೇಲೆ ಅಂಗಡಿಯ ಒಂದು ಸುದ್ದಿಯನ್ನೂ ನನಗೆ ಹೇಳಲಿಲ್ಲ. ತಿಂಗಳೊಳಗೆ ಮಾಲೀಕರು ಹೊಸ ಶಾಖೆಗೆ ಯಾರು ಹೋಗ್ತೀರಿ ಅಂತ ಕೇಳಿದಾಗ ಮೊದಲು ಎದ್ದದ್ದು ನಿನ್ನ ಕೈಯಂತೆ. ಇದನ್ನು ಹೇಳಿದ್ದು ಅತ್ತೆ. ನನ್ನ ಕಾವಲಿಗೆ ನಿನ್ನ ಅಮ್ಮನನ್ನೇ ಬಿಟ್ಟು ಹೋದೆಯಲ್ಲ, ಅವರು ಇಂಥ ಸುದ್ದಿಗಳನ್ನು ತಟ್ಟೆಗೆ ಬಡಿಸುವಾಗಲೇ ಬಡಿಸುತ್ತಾರೆ. ಗಂಟಲಲ್ಲಿ ಸಿಕ್ಕಿಕೊಳ್ಳುವ ಹಾಗೆ.

ನೀನು ಹೊರಡುವ ವಾರವೇ ಕಾಲೇಜಿನ ಲೈಬ್ರರಿಯಲ್ಲಿ ಬೇರೇನನ್ನೋ ಹುಡುಕುವಾಗ ಕೋಳಿ ಸಾಕಣೆಯ ಒಂದು ಪುಸ್ತಕ ಕೈಗೆ ಬಂತು. ನಲವತ್ತನೇ ಪುಟದಲ್ಲಿ ಬುಟ್ಟಿ ತುಂಬ ನೀಲಿ ಮೊಟ್ಟೆ. ನಿಂತಲ್ಲೇ ಆ ಪುಟವನ್ನು ಎರಡು ಸಲ ಓದಿದೆ. ಆ ದಿನವೇ ಬಂದು ಹೇಳಬೇಕಿತ್ತು. ಬರೀ ಚಿತ್ರ ತೋರಿಸಿ ಕ್ಷಮೆ ಕೇಳುವುದು ಏನು ಮಹಾ, ಮೊಟ್ಟೆಯನ್ನೇ ಅಂಗೈಯಲ್ಲಿಟ್ಟು ಕೇಳೋಣ ಅಂದುಕೊಂಡೆ. ಬಣ್ಣ ತಾಳೆ ನೋಡಬೇಕಲ್ಲ, ಅದಕ್ಕೇ ಶೇಡ್ ಕಾರ್ಡು ಕದ್ದದ್ದು. ಹಾಗಾಗಿ ತತ್ವಶಾಸ್ತ್ರ ವಿಭಾಗದವನು ಸೀದಾ ತತ್ತಿಶಾಸ್ತ್ರಕ್ಕೆ ಬಿದ್ದೆ.

ತಳಿ ಆರಿಸಲು ಎರಡು ವಾರ ಹಿಡಿಯಿತು. ಊಟದ ಮೇಜಿನ ತುಂಬ ಕಾಗದ. ಮೊದಲು ನೋಡಿದ್ದು ಅರೌಕಾನಾ. ನೀಲಿ ಮೊಟ್ಟೆಯ ಮೂಲ ಮನೆತನದ್ದು. ಬಾಲವೇ ಇಲ್ಲ, ಕೆನ್ನೆಯ ಎರಡೂ ಕಡೆ ಹುರಿಮಾಡಿದ ಮೀಸೆಯಂಥ ಗರಿಗೊಂಚಲು. ಚಿತ್ರ ನೋಡಿದ ಅತ್ತೆ, ಇದೇನ್ರೀ ಅಳಿಯಂದ್ರೇ, ನಿಮ್ಮ ಚಿಕ್ಕಪ್ಪನ ಫೋಟೋ ಇಲ್ಲಿ ಹೇಗೆ ಬಂತು ಅಂದರು. ಆದರೆ ಆ ಮೀಸೆಯೇ ಅದಕ್ಕೆ ಶಾಪ. ಅಪ್ಪ ಅಮ್ಮ ಇಬ್ಬರಿಂದಲೂ ಮೀಸೆಯ ಗುಣ ಬಂದ ಮರಿ ಚಿಪ್ಪಿನೊಳಗೇ ಸಾಯುತ್ತದಂತೆ. ನನಗೆ ಮನಸ್ಸಾಗಲಿಲ್ಲ. ಆಮೇಲೆ ಅಮೆರೌಕಾನಾ. ಇದಕ್ಕೆ ಬಾಲ ಇದೆ, ಗಡ್ಡ ಇದೆ, ಸ್ವಭಾವ ಸಾಧು. ತೊಂದರೆ ಏನೆಂದರೆ ಆ ಹೆಸರಿನಲ್ಲಿ ಮಾರುವ ಮರಿಗಳಲ್ಲಿ ಎಷ್ಟೋ ಬೆರಕೆ. ಬೆರಕೆ ಕೋಳಿ ನೀಲಿ ಇಡಬಹುದು, ಹಸಿರು ಇಡಬಹುದು, ತಿಳಿಗುಲಾಬಿಯೂ ಇಡಬಹುದು; ಇಡುವ ತನಕ ಅದಕ್ಕೂ ಗೊತ್ತಿರುವುದಿಲ್ಲ. ನಿನ್ನ ಮುಂದೆ ಹಸಿರು ಮೊಟ್ಟೆ ಹಿಡಿದು ನೀಲಿ ಅಂತ ವಾದಿಸುವ ಧೈರ್ಯ ನನಗಿಲ್ಲ ತಾಯಿ.

ಕೊನೆಗೆ ಕ್ರೀಮ್ ಲೆಗ್‌ಬಾರ್! ತಲೆಯ ಮೇಲೊಂದು ಗಾಳಿಗೆ ಹಾರುವ ಜುಟ್ಟು, ನಡಿಗೆಯಲ್ಲಿ ಒಂದು ಗತ್ತು, ವಾರಕ್ಕೆ ಮೂರು ನಾಲ್ಕು ನೀಲಿ ಮೊಟ್ಟೆ. ಎಲ್ಲಕ್ಕಿಂತ ಮಿಗಿಲಾದದ್ದು ಇದು: ಮರಿ ಹೊರಬಂದ ದಿನವೇ ಮೈಮೇಲಿನ ಗುರುತು ನೋಡಿ ಹೆಣ್ಣೋ ಗಂಡೋ ಹೇಳಿಬಿಡಬಹುದು. ಬೇರೆ ತಳಿಯಾದರೆ ಅದು ಕೂಗುವ ತನಕ ಕಾದು ಆಮೇಲೆ ತಲೆ ಚಚ್ಚಿಕೊಳ್ಳಬೇಕು. ಇದರಲ್ಲಿ ಮೂರ್ಖನಿಗೂ ಮೋಸ ಹೋಗುವುದು ಕಷ್ಟ ಅಂತ ಪುಸ್ತಕದಲ್ಲೇ ಬರೆದಿತ್ತು. ಆ ಸಾಲಿಗೆ ಕೆಂಪು ಗೆರೆ ಎಳೆದೆ. ಜುಟ್ಟು ಕೈಗೆ ಸಿಕ್ಕಿತು ಅಂತ ಕುಣಿದೆ.

ಮರಿ ಮಾರುವಾಕೆ ಊರಾಚೆ ಇದ್ದಾಳೆ. ಅತ್ತೆಯೂ ಜೊತೆಗೆ ಬಂದರು. ಮೊಣಕಾಲು ತನಕ ರಬ್ಬರ್ ಬೂಟು, ಜೇಬಿನ ತುಂಬ ಕಾಳು, ಮಾತು ಕಡಿಮೆ. ದೊಡ್ಡ ರಟ್ಟಿನ ಪೆಟ್ಟಿಗೆ, ಮೇಲೆ ಬಿಸಿ ಬಲ್ಬು, ಕೆಳಗೆ ಮೂವತ್ತು ಮರಿಗಳ ಚಿಂವ್‌ಚಿಂವ್. ನಾನು ಎರಡು ವಾರದ ವಿದ್ಯೆಯನ್ನೆಲ್ಲ ಅವಳೆದುರು ಹರವಿದೆ. ತಳಿಯ ಚರಿತ್ರೆ ಹೇಳಿದೆ, ಜುಟ್ಟಿನ ವಂಶಾವಳಿ ಹೇಳಿದೆ, ಚಿಪ್ಪಿನ ರಸಾಯನ ಹೇಳಿದೆ. ಅವಳು ನಡುನಡುವೆ ಏನೋ ಹೇಳಲು ಬಾಯಿ ತೆರೆಯುತ್ತಿದ್ದಳು. ಪಾಠದ ನಡುವೆ ಪ್ರಶ್ನೆ ಬೇಡ ಅಂತ ಕೈ ಸನ್ನೆ ಮಾಡಿದೆ, ಅಭ್ಯಾಸಬಲ. ಆಮೇಲೆ ಬಗ್ಗಿ, ನೆತ್ತಿಯ ಮೇಲೆ ಬೆಳ್ಳಿಯ ಬೊಟ್ಟಿಟ್ಟ ಹಾಗೆ ಚುಕ್ಕೆಯಿದ್ದ ಐದು ಮರಿಗಳನ್ನು ಒಂದೊಂದಾಗಿ ಆರಿಸಿದೆ. ಎಂಥ ಕಳೆ ಅಂತೀಯ! ದಾರಿಯಲ್ಲೇ ಹೆಸರಿಟ್ಟೆ: ಪ್ರಜ್ಞಾ, ಪ್ರತಿಭಾ, ಮೇಧಾ, ವಿದ್ಯಾ, ಪ್ರಭಾ. ಅತ್ತೆ ತಮ್ಮ ಪಾಡಿಗೆ ಬೆನ್ನಿನ ಮೇಲೆ ಕಾಡಿಗೆ ಗೆರೆ ಎಳೆದ ಹಾಗಿದ್ದ ಒಂದು ಮರಿಯನ್ನು ಎತ್ತಿ ಸೆರಗಿನಲ್ಲಿ ಸುತ್ತಿಕೊಂಡರು. ಅದಕ್ಕೆ ಚುಕ್ಕೆಯೂ ಇಲ್ಲ, ಕಳೆಯೂ ಇಲ್ಲ. ಪಟ್ಟೆಮ್ಮ ಅಂತ ಕರೆದರು. ವಯಸ್ಸಾದವರ ಆಸೆ, ಇರಲಿ ಅಂದುಕೊಂಡೆ. ಇನ್ನೊಂದು ವಿಷಯ: ಮರಿ ಮಾರುವಾಕೆ ಅತ್ತೆಯ ಒಂದು ಮರಿಗಷ್ಟೇ ದುಡ್ಡು ತಗೊಂಡಳು. ನನ್ನ ಐದಕ್ಕೆ ಎಷ್ಟು ಹೇಳಿದರೂ ಬೇಡ, ಹಾಗೇ ತಗೊಂಡ್ಹೋಗಿ ಅಂದಳು. ಈ ಕಾಲದಲ್ಲೂ ವಿದ್ವತ್ತಿಗೆ ಬೆಲೆಯಿದೆ.

ಅಂದಿನಿಂದ ಹಿತ್ತಲು ನನ್ನ ಪ್ರಯೋಗಶಾಲೆ. ನಿನಗೆ ಹೇಳಲಿಲ್ಲ, ಅತ್ತೆಗೂ ಬಾಯಿ ಬಿಡದಂತೆ ಆಣೆ ಹಾಕಿಸಿದೆ. ಫೋನಿನಲ್ಲಿ ಗೀಸರ್ ರಿಪೇರಿ ಆಯ್ತಾ, ಅಮ್ಮ ಮಾತ್ರೆ ತಗೊಂಡ್ರಾ ಅಂತ ನೀನು ಕೇಳುತ್ತಿದ್ದೆ. ಆಯ್ತು, ತಗೊಂಡ್ರು ಅಂತ ನಾನು ಹೇಳುತ್ತಿದ್ದೆ. ಹಿಂದಿನಿಂದ ಕೇಳುವ ಗಲಾಟೆ ಪಕ್ಕದ ಮನೆಯವರ ಹುಂಜಗಳದ್ದು ಅಂತ ನಿನಗೆ ಹಲವು ಸಲ ಹೇಳಿದ್ದೇನೆ. ನಿನ್ನ ಅಂಗಡಿಯಿಂದ ಬಂದ ಇಪ್ಪತ್ತು ಲೀಟರಿನ ಖಾಲಿ ಬಣ್ಣದ ಬಕೆಟ್ಟನ್ನು ಅಡ್ಡ ಮಲಗಿಸಿ, ಒಣಹುಲ್ಲು ತುಂಬಿ ಗೂಡು ಮಾಡಿದೆ. ಹಿಂದಿನ ವರಾಂಡದಲ್ಲಿ ಬಲೆ ಹೊಡೆದು ಒಂದು ಪ್ರತ್ಯೇಕ ರಾಣಿವಾಸವನ್ನೂ ಕಟ್ಟಿಸಿದೆ.

ಇನ್ನು ಬುಧವಾರ! ನಾನು ಅರ್ಧ ಗಡ್ಡ ಕೆರೆದಿದ್ದೆ. ಅಳಿಯಂದ್ರೇ, ಬನ್ನೀ, ಓಡಿ ಬನ್ನೀ ಅಂತ ಅತ್ತೆಯ ಕೂಗು. ಜಾರಿಬಿದ್ದರೋ ಏನೋ ಅಂತ ನೊರೆ ಮೆತ್ತಿದ ಮುಖದಲ್ಲೇ ಓಡಿದೆ. ಬಕೆಟ್ಟಿನ ಹುಲ್ಲಿನ ಮೇಲೆ, ಇನ್ನೂ ಹಬೆಯಾಡುವ ಹಾಗೆ ಬೆಚ್ಚಗೆ, ಅದು. ಮುಂಜಾನೆ ಸೂರ್ಯ ಬರುವ ಮುಂಚೆ ಐದೇ ನಿಮಿಷ ಒಂದು ಬಣ್ಣ ಇರುತ್ತದಲ್ಲ, ನೋಡು ನೋಡು ಅನ್ನುವಷ್ಟರಲ್ಲಿ ಹೋಗಿಬಿಡುತ್ತದಲ್ಲ, ಅದು ಹೋಗದೆ ಕೂತಿತ್ತು.

ನಾನೇನು ಮಾಡಿದೆ ಗೊತ್ತಾ? ಬುದ್ಧಿ ಎಲ್ಲಿ ಹೋಗುತ್ತದೆ! ಬಣ್ಣದ ಬಕೆಟ್ಟಲ್ಲವಾ, ಹಳೇ ಬಣ್ಣ ಹತ್ತಿರಬೇಕು ಅಂತ ಮತ್ತೆ ತರ್ಕ ಹೂಡಿದೆ. ಒದ್ದೆ ಬೆರಳಲ್ಲಿ ಉಜ್ಜಿದೆ. ಬನಿಯನ್ ಅಂಚಲ್ಲಿ ಉಜ್ಜಿದೆ. ನಿನ್ನ ಥಿನ್ನರ್ ಬಾಟಲಿ ಹುಡುಕಿ ತಂದು ಅದರಲ್ಲೂ ಉಜ್ಜಿದೆ. ಊಹೂಂ. ಕೊನೆಗೆ ಅತ್ತೆ ಅಯ್ಯೋ ಬೇಡ್ರೀ ಅನ್ನುವಷ್ಟರಲ್ಲಿ ಬಟ್ಟಲಿನ ಅಂಚಿಗೆ ಟಪ್ ಅಂತ ಒಡೆದೆ. ಒಳಗಿನ ಪೊರೆ ಎಳೆದು ಬೆಳಕಿಗೆ ಹಿಡಿದೆ.

ಒಳಗೂ ನೀಲಿ.

ಅಡುಗೆಮನೆಯಲ್ಲಿದ್ದ ಕಂದು ಮೊಟ್ಟೆಯನ್ನೂ ಒಡೆದು ನೋಡಿದೆ. ಅದರ ಒಳಗೆ ಬಿಳಿ. ನಿನ್ನ ಭಾಷೆಯಲ್ಲಿ ಹೇಳಬೇಕಾದರೆ, ಕಂದು ಮೊಟ್ಟೆಗೆ ಕೊನೆಯಲ್ಲಿ ಮೇಲಿಂದ ಒಂದು ಕೋಟು, ಅಷ್ಟೇ. ಇದಕ್ಕೆ ಬೇಸ್‌ನಲ್ಲೇ, ಬುಡದಲ್ಲೇ ಬಣ್ಣ ಬೆರೆತಿದೆ. ನೀನು ಕಂಡದ್ದು ನಿಜ. ನಿನ್ನ ಕಣ್ಣು ಸರಿ. ಬಣ್ಣ ಬಯಲಾದದ್ದು ನನ್ನದು. ಆ ಸಂಜೆ ನಕ್ಕದ್ದಕ್ಕೆ ಕ್ಷಮಿಸು. ಈ ವಾಕ್ಯಕ್ಕೆ ಒಂದು ತಮಾಷೆ ಸೇರಿಸಲು ಹತ್ತು ನಿಮಿಷ ಯೋಚಿಸಿದೆ, ಬೇಡ ಅಂತ ಬಿಟ್ಟೆ. ಆದರೂ ನನ್ನ ಪರವಾಗಿ ಒಂದು ಮಾತು: ಒಳಗೆ ಹೇಗಿತ್ತು ಅಂತ ನೀನು ಆಗಲೇ ಒಂದು ಸಾಕ್ಷ್ಯ ಕೊಟ್ಟಿದ್ದರೆ ತರ್ಕದವನಾದ ನಾನು ಖಂಡಿತ ಒಪ್ಪಿಕೊಳ್ಳುತ್ತಿದ್ದೆ.

ಪೆಟ್ಟಿಗೆಯಲ್ಲಿ ಹತ್ತಿಯ ಮೇಲಿರುವುದು ಬುಧವಾರದ ಅರ್ಧ ಚಿಪ್ಪು. ಅದರ ಪಕ್ಕದ ಇಡೀ ಮೊಟ್ಟೆ ಇವತ್ತಿನದು. ಇನ್ನು ಆ ಹೆಂಗಸು ಎತ್ತಿಕೊಂಡು ಹೋಗುವ ಭಯವಿಲ್ಲ, ಎಷ್ಟು ದಿನ ಬೇಕಾದರೂ ಎದುರಿಗಿಟ್ಟುಕೊಂಡು ಬೆರೆಸು. ಶೇಡ್ ಕಾರ್ಡಿನಲ್ಲಿ ಹುಡುಕಿದೆ. ಎರಡು ಪಟ್ಟಿಗಳಿಗೆ ಪೆನ್ಸಿಲ್ ಗುರುತು ಹಾಕಿದ್ದೇನೆ. ಮೊಟ್ಟೆ ಅವೆರಡರ ನಡುವೆ ಎಲ್ಲೋ ಇದೆ. ಕಂಪನಿಯವರು ಅದನ್ನು ಅಚ್ಚು ಹಾಕಿಲ್ಲ. ನಡುವಿನದನ್ನು ಬೆರೆಸಲು ನೀನೇ ಬೇಕು.

ಅಲ್ಲೇ ಕಾಯಂ ಆಗಿ ಇರ್ತೀಯಾ, ವಾಪಸ್ ಬರ್ತೀಯಾ ಅಂತ ಸೋಮವಾರ ಮಾಲೀಕರಿಗೆ ಹೇಳಬೇಕಂತೆ. ಅದನ್ನೂ ಅತ್ತೆಯೇ ಹೇಳಿದರು. ನೀನು ನನಗೆ ಹೇಳಲಿಲ್ಲ, ಹೇಳುವ ಹಾಗೆ ನಾನೂ ಇಟ್ಟುಕೊಂಡಿರಲಿಲ್ಲ. ಈ ಮೊಟ್ಟೆ ಲಂಚ ಅಲ್ಲ. ಸರಿ, ಸ್ವಲ್ಪ ಲಂಚವೇ. ನೀನು ಅಲ್ಲೇ ಇರುವುದಾದರೂ ವಾರಕ್ಕೆ ನಾಲ್ಕು ಮೊಟ್ಟೆ ಡ್ರೈವರ್ ಕೈಯಲ್ಲಿ ಬರುತ್ತವೆ. ಬರುವುದಾದರೆ, ಅಡುಗೆಮನೆಯ ಬಾಗಿಲಲ್ಲಿ ಚಪ್ಪಲಿ ಹಾಕಿಕೊಂಡೇ ನಿಂತು ಹೇಳು. ಉತ್ತರ ಪತ್ರಿಕೆ ಮುಚ್ಚಿಟ್ಟು ಕೂತಿರುತ್ತೇನೆ.

ಎಷ್ಟೋ ತಳಿಗಳ ನಡುವೆ ಸರಿಯಾದದ್ದನ್ನೇ ಹುಡುಕಿ, ಮೂವತ್ತು ಮರಿಗಳ ನಡುವೆ ಕಣ್ಣಳತೆಯಲ್ಲೇ ಆರಿಸಿ, ನೀಲಿ ಮೊಟ್ಟೆಯನ್ನು ಮನೆಗೆ ತಂದ,

ನಿನ್ನ
ತತ್ತಿಜ್ಞಾನಿ

ತಾ.ಕ.: ಪತ್ರ ಅಂಟಿಸುವ ಮುಂಚೆ ಅತ್ತೆ ಓದಿಸಿಕೊಂಡರು. ಕೇಳಿ ಮುಗಿಸಿ, ಉಳಿದದ್ದನ್ನು ನೀವು ಬರೀತೀರೋ, ನಾನು ಫೋನ್ ಮಾಡಲೋ ಅಂದರು. ಬರೆಯುತ್ತೇನೆ. ಆ ತಳಿಯಲ್ಲಿ ಬೆನ್ನಿನ ಮೇಲೆ ಪಟ್ಟೆಯಿದ್ದದ್ದು ಹೆಣ್ಣು. ನೆತ್ತಿಯ ಮೇಲೆ ಚುಕ್ಕೆಯಿದ್ದದ್ದು ಗಂಡು. ಪಕ್ಕದ ಮನೆಯವರು ಹುಂಜ ಸಾಕಿಲ್ಲ. ನೀನು ಫೋನಿನಲ್ಲಿ ಕೇಳಿದ್ದು ಪ್ರಜ್ಞಾ, ಪ್ರತಿಭಾ, ಮೇಧಾ, ವಿದ್ಯಾ, ಪ್ರಭಾ. ಮೊಟ್ಟೆ ಇಟ್ಟದ್ದು ಪಟ್ಟೆಮ್ಮ. ಅವುಗಳ ಕಾಟ ತಾಳದೆ ಅದಕ್ಕೆ ರಾಣಿವಾಸ ಕಟ್ಟಿದ್ದೂ ಅತ್ತೆಯೇ, ನಾನು ಮೊಳೆ ಹಿಡಿದುಕೊಂಡಿದ್ದೆ. ಮರಿ ಮಾರುವಾಕೆ ಚುಕ್ಕೆಯವು ಗಂಡು ಅಂತ ಮೂರು ಸಲ ಹೇಳಿದಳಂತೆ, ಅತ್ತೆಗೆ ಸ್ಪಷ್ಟವಾಗಿ ಕೇಳಿಸಿತಂತೆ. ನಾನು ಆಗ ಮಾತಾಡುತ್ತಿದ್ದೆ. ಮನೆಯಲ್ಲೀಗ ಐದು ಹುಂಜ, ಒಬ್ಬ ಹುಂಬ.

ಇನ್ನೊಂದನ್ನು ಅತ್ತೆಯೂ ಕೇಳಲಿಲ್ಲ, ನಾನೇ ಹೇಳುತ್ತೇನೆ. ಒಳಗಿನ ಸಾಕ್ಷ್ಯದ ಬಗ್ಗೆ ಮೇಲೆ ಬರೆದದ್ದು ಸುಳ್ಳು. ಆ ಸಂಜೆ ಕೈ ತೊಳೆಯಲು ಹೊರಟವಳು ತಿರುಗಿ ನಿಂತು, ರೀ, ಒಳಗೂ ನೀಲಿ ಇತ್ತು ಅಂದಿದ್ದೆ. ನಾನು ಆಗಲೂ ನಗುತ್ತಿದ್ದೆ. ಸೋಮವಾರ ಮಾಲೀಕರಿಗಿಂತ ಮೊದಲು ನನಗೆ ಫೋನ್ ಮಾಡು. ಏನೇ ಹೇಳಿದರೂ ಒಂದೇ ಸಲಕ್ಕೆ ಕೇಳಿಸಿಕೊಳ್ಳುತ್ತೇನೆ. ಸ್ವಲ್ಪ ಗಟ್ಟಿಯಾಗಿ ಹೇಳು, ಐವರೂ ಕೂಗುತ್ತಿರುತ್ತಾರೆ.