ಸದ್ದು ಮಾಡದ ಯಂತ್ರ

ಫೆಬ್ರವರಿ 3, ಸೋಮವಾರ

ಇವತ್ತೂ ಎರಡು ಮೊಟ್ಟೆ ಬೇಯಿಸಿದೆ. ತಿಂದದ್ದು ಒಂದು. ಹೆಂಡತಿ ಬೆರಿಲ್ ಹೋಗಿ ಏಳು ವಾರ... ಕೈಗೆ ಇನ್ನೂ ಸುದ್ದಿ ಮುಟ್ಟಿಲ್ಲ.

ಶನಿವಾರ ಅವಳ ಬೂದಿಯನ್ನು ಊರಿನ ರೈತ ಲಾರ್ಟರನ ಹೊಲದಲ್ಲಿ ಚೆಲ್ಲಿದ್ದು. ಅವಳದೇ ಆಸೆ. ನಾರ್ಫೋಕಿನ ಗಾಳಿ ಧಾರಾಳವಾಗಿ ಸಹಕರಿಸಿ ಅರ್ಧವನ್ನು ನನ್ನ ಕೋಟಿಗೇ ಹಿಂದಿರುಗಿಸಿತು. ಬೇಲಿಯಿಂದ ಓಕ್ ಮರದವರೆಗೆ ಹಿಡಿ ಹಿಡಿಯಾಗಿ ತೂರುತ್ತ ನಡೆದೆ. ಮನೆಗೆ ಬಂದು ಟೀ ಕಪ್ ಎತ್ತುವಾಗ ಕಂಡಿತು — ಬೆರಳು ಬೋಳು. ಸರಿಯಾಗಿ ಉಣ್ಣದೆ ಸೊರಗಿದ ಬೆರಳಿನಿಂದ ಚಿನ್ನದ ಮದುವೆಯುಂಗುರ ಜಾರಿ ಅವಳ ಜೊತೆಗೇ ಹೊರಟಿದೆ. ನಲವತ್ತೊಂದು ವರ್ಷ ಒಂದು ದಿನವೂ ತೆಗೆದದ್ದಿಲ್ಲ.

ಇದನ್ನು ಯಾರಿಗೆ ಹೇಳುವುದು? ಹೇಳುವಂಥದ್ದಲ್ಲ.

ಫೆಬ್ರವರಿ 9

ಹೊಲದಲ್ಲಿ ಲೋಹ ಪತ್ತೆಹಚ್ಚುವ ಡಿಟೆಕ್ಟರ್ ಆಡಿಸಲು ಲಾರ್ಟರನ ಅನುಮತಿ ಕೇಳಿದೆ. ಹವ್ಯಾಸ ಅಂದೆ.

"ಹೆಂಡ್ತಿ ಹೋದ್ಮೇಲೆ ಒಬ್ಬೊಬ್ರಿಗೆ ಒಂದೊಂದು ಹಿಡಿಯುತ್ತೆ ಬಿಡಿ," ಅಂದ. "ನಮ್ಮ ಮಾವನಿಗೆ ಗಿಟಾರ್ ಹಿಡೀತು. ನಿಮ್ಮದೇ ವಾಸಿ. ಆದ್ರೆ ಮಾರ್ಚ್ ಇಪ್ಪತ್ತೆಂಟಕ್ಕೆ ನೆಲ ಮಗುಚಿ ಸಕ್ಕರೆ ಬೀಟ್ ಬಿತ್ತೋದು. ಆಮೇಲೆ ಕಾಲಿಟ್ರೆ ನಾಯಿ ಬಿಡ್ತೀನಿ."

ನೆಲ ಮಗುಚಿದರೆ ಉಂಗುರ ಯಾವ ಆಳಕ್ಕೋ. ಏಳು ವಾರವಿದೆ.

ಫೆಬ್ರವರಿ 15

ಡಿಟೆಕ್ಟರ್ ಕ್ಲಬ್ಬಿಗೆ ಹೋದೆ. ಕಾರ್ಯದರ್ಶಿ ಸಿರಿಲ್ ಮೇಸ್ — ತಲೆ ತುಂಬ ರೋಮನ್ನರು, ಗಡ್ಡದ ತುಂಬ ಬಿಸ್ಕತ್ತು.

"ನಿಮಗೆ ಹುಡುಕ್ಬೇಕಾಗಿರೋದು ಏನು?"

ಸರಳವಾದ ಪ್ರಶ್ನೆ. ಸುತ್ತ ಹನ್ನೆರಡು ಗಂಡಸರು ಟೀ ಕುಡಿಯುತ್ತಿದ್ದರು.

"ಹೀಗೇ... ಹಳೆ ನಾಣ್ಯ."

ಮೊದಲು ಒಂದು ಯಂತ್ರ ಕೈಗೆ ಕೊಟ್ಟ. ಹುಲ್ಲಿಗಿಳಿದರೆ ಹೆಜ್ಜೆಹೆಜ್ಜೆಗೂ ಕಿರುಚಾಟ. ಮೈದಾನವಿಡೀ ನಿಧಿ ಅಂದುಕೊಂಡು ಎರಡು ಕಡೆ ಅಗೆದೆ. ಕೊನೆಗೆ ಸಿರಿಲ್ ನನ್ನ ಕಾಲು ನೋಡಿದ.

"ಡೆಸ್ಮಂಡ್, ಬೂಟಿನ ಮೂತಿ ಉಕ್ಕಿಂದಾ?"

ಉಕ್ಕಿನದೇ. ಹನ್ನೆರಡೂ ಕಪ್ಪುಗಳು ಏಕಕಾಲದಲ್ಲಿ ನಕ್ಕವು. ಆ ಯಂತ್ರದ ಮುಖ ಮತ್ತೆ ನೋಡಲಾಗಲಿಲ್ಲ.

"ನಾಣ್ಯಕ್ಕಾದ್ರೆ ಇದು ತಗೊಳ್ಳಿ," ಅಂತ ಇನ್ನೊಂದು ತೋರಿಸಿದ. "ಈ ಗುಂಡಿ ಒತ್ತಿದ್ರೆ ಕಸಕ್ಕೆಲ್ಲ ಬಾಯಿ ಬಂದ್. ನೀವು ಹೇಳಿದ ಲಾರ್ಟರನ ಹೊಲದಲ್ಲಿ ಮೊದ್ಲು ಕ್ಯಾಂಪ್ ಹಾಕ್ತಿದ್ರು, ಬರೀ ಬಿಯರ್ ಡಬ್ಬಿ ಎಳೆದು ತೆರೆಯೋ ಕೊಂಡಿಗಳು. ಹುಚ್ಚು ಹಿಡಿಯುತ್ತೆ."

ಮೌನವನ್ನೇ ಕೊಂಡೆ. ಬೆರಿಲ್ ಜೊತೆ ಬಾಳಿದವನು ಸದ್ದಿಗೆ ಹೆದರಬಾರದು, ನಿಜ. ಆದರೆ ಈಗ ಅಭ್ಯಾಸ ತಪ್ಪಿದೆ.

ಫೆಬ್ರವರಿ 27

ಹಗ್ಗ ಕಟ್ಟಿ ಸಾಲು ಹಿಡಿದು ನಡೆಯುತ್ತಿದ್ದೇನೆ. ರಬ್ಬರ್ ಬೂಟು. ಒಂದು ಪೆನ್ನಿ, ಅರ್ಧ ಚಮಚ. ಯಂತ್ರ ಬಹಳ ಸಭ್ಯ, ಬೇಡದ ಮಾತಿಲ್ಲ.

ಮಾರ್ಚ್ 11

ಎರಡನೇ ಸುತ್ತು ಮುಗಿಯಿತು. ಇಲ್ಲ.

ಮಾರ್ಚ್ 23

ಮೂರನೇ ಸುತ್ತು. ಇಲ್ಲ. ಬೇಲಿಯಿಂದ ಓಕ್‌ವರೆಗೆ ಒಂದಂಗುಲ ಬಿಟ್ಟಿಲ್ಲ. ಕಾಗೆ ಕಚ್ಚಿಕೊಂಡು ಹೋಗಿರಬೇಕು.

ಮಾರ್ಚ್ 27, ಸಂಜೆ

ಕ್ಲಬ್ಬಿನ ಸಭೆ. ಹೋಗಬಾರದಿತ್ತು, ಅಥವಾ ಐದು ವಾರ ಮೊದಲೇ ಹೋಗಬೇಕಿತ್ತು.

ಪಕ್ಕದಲ್ಲಿ ತೆಲ್ಮಾ ಗೂಚ್ ಕೂತಿದ್ದಳು — ಮೂವತ್ತು ವರ್ಷದಿಂದ ಹೊಲ ಕೆದಕುವವಳು. ಅಂಗೈಯಲ್ಲಿ ಬೇರೆ ಊರಿನ ಹೊಲದಲ್ಲಿ ಸಿಕ್ಕ ಒಂದು ಉಂಗುರ, ತೆಳ್ಳಗಿನ ಚಿನ್ನದ್ದು.

"ಚಿನ್ನಕ್ಕೆ ಯಾವ ಸದ್ದು ಬರುತ್ತೆ?" ಸುಮ್ಮನೆ ಕೇಳಿದವನಂತೆ ಕೇಳಿದೆ.

"ಬಿಯರ್ ಡಬ್ಬಿ ಕೊಂಡಿದೇ ಸದ್ದು ಕಣ್ರೀ. ಯಂತ್ರಕ್ಕೆ ಎರಡೂ ಒಂದೇ. ಕೊಂಡಿ ಬಾಯಿ ಮುಚ್ಚಿಸಿದ್ರೆ ಉಂಗುರದ್ದೂ ಮುಚ್ಚಿದ ಹಾಗೇನೇ."

ಟೀ ಕೆಳಗಿಟ್ಟೆ.

"ಯಾಕ್ರೀ, ಮುಖ ಹಾಗಾಯ್ತು? ನೀವು ನಾಣ್ಯ ತಾನೇ ಹುಡುಕ್ತಿರೋದು?"

ಹೌದು ಅಂದೆ. ಆಗಲೂ ಹೌದು ಅಂದೆ.

ಮೂರು ಸಲ ಅದರ ಮೇಲೆಯೇ ನಡೆದಿದ್ದೇನೆ. ಕಿವಿ ನಾನೇ ಮುಚ್ಚಿಕೊಂಡು.

ಮಾರ್ಚ್ 28, ಬೆಳಗ್ಗೆ 9.15

ಆರಕ್ಕೇ ಹೊಲದಲ್ಲಿದ್ದೆ. ಯಂತ್ರದ ಬಾಯಿ ಮುಚ್ಚಿಸುವ ಗುಂಡಿ ಆರಿಸಿದೆ. ಹೊಲ ಬಾಯಿಬಿಟ್ಟಿತು — ಗೇಣಿಗೊಂದು ಸದ್ದು. ಪ್ರತಿಯೊಂದನ್ನೂ ಅಗೆಯುವುದು, ಪ್ರತಿಯೊಂದೂ ಕೊಂಡಿ. ಒಂದು ಪೀಳಿಗೆಯ ದಾಹವನ್ನೆಲ್ಲ ಜೇಬಿಗೆ ತುಂಬಿಕೊಂಡಿದ್ದೇನೆ.

ಒಂಬತ್ತಕ್ಕೆ ಟ್ರ್ಯಾಕ್ಟರ್ ಬಂತು. ಲಾರ್ಟರ್ ಇಳಿದು ಬಂದ. ಮಣ್ಣಲ್ಲಿ ಮೊಣಕಾಲೂರಿದ್ದವನು ಇದ್ದದ್ದು ಇದ್ದ ಹಾಗೆ ಹೇಳಿದೆ.

ಟೊಪ್ಪಿ ತೆಗೆದ.

"ಮೊದಲೇ ಹೇಳಬಾರ್ದಿತ್ತೇನ್ರೀ. ಈ ಮೂಲೆ ಹಾಗೇ ಬಿಡ್ತಿದ್ದೆ, ಯಾವ ಬೀಟ್ ಬೇಕಿತ್ತು ನನಗೆ. ಈಗ ಬೀಜ ತಂದಾಯ್ತು, ಟ್ರ್ಯಾಕ್ಟರ್ ಬಾಡಿಗೇದು, ಸಂಜೆ ಅದು ಇನ್ನೊಂದು ಊರಿಗೆ ಹೋಗ್ಬೇಕು. ಆಯ್ತು... ಓಕ್ ಕಡೆಯಿಂದ ಶುರು ಮಾಡಿಸ್ತೀನಿ. ಬೇಲಿ ಕಡೆ ನಿಮಗೆ ಇನ್ನೊಂದು ಗಂಟೆ."

9.50

ಬೇಲಿಗೊರಗಿ ಕೂತಿದ್ದೇನೆ. ಮೊಣಕಾಲು ಏಳಲೊಲ್ಲದು. ಓಕ್ ಸುತ್ತ ನೆಲ ಆಗಲೇ ಕಪ್ಪು.

ಉಳಿದಿರುವ ಆಸೆ ಮೊದಲ ಹಿಡಿಯ ಜಾಗವೊಂದೇ. ಅದನ್ನು ಚೆಲ್ಲಿದ್ದು ಎಲ್ಲಿಂದ? ಗೇಟಿನ ಎಡಕ್ಕೋ, ಬಲಕ್ಕೋ? ಇಂಥದ್ದನ್ನೆಲ್ಲ ನೆನಪಿಟ್ಟುಕೊಳ್ಳುತ್ತಿದ್ದವಳು ಅವಳು. ಈಗ ಅವಳನ್ನೇ ಕೇಳಬೇಕು, ಅವಳ ಮೇಲೆಯೇ ಕೂತು.

ಟ್ರ್ಯಾಕ್ಟರ್ ಈ ಕಡೆ ತಿರುಗಿತು. ಇನ್ನು ನಾಲ್ಕು ಸಾಲು.

ಎಡಕ್ಕೆ. ಎಡಕ್ಕೇ ಇರಬೇಕು. ಗಾಳಿ ಆವತ್ತು ರಸ್ತೆ ಕಡೆಯಿಂದ... ಮುಖ ತಿರುಗಿಸಿ ನಿಂತಿದ್ದೆ, ಕೈ ಹೀಗೆ ಚಾಚಿ

ಮೂರು. ಏಳುತ್ತೇನೆ. ಎಡಕ್ಕೆ, ಬೇಲಿಯಿಂದ ಆರು ಹೆಜ್ಜೆ, ಅಲ್ಲಿಂದ