ಕಾದ ಬಾಗಿಲು

ನಾವಿಕರ ವಸತಿಗೃಹ
ಭಾನುವಾರ, ಮಧ್ಯಾಹ್ನ

ಗುಬ್ಬಿಯ ಅಪ್ಪನಿಗೆ,

ನಮಸ್ಕಾರ. ಮೊದಲು ಈ ಒಂದು ಸಾಲು ಓದಿ, ಆಮೇಲೆ ಕನ್ನಡಕ ಒರೆಸಿಕೊಂಡು ಉಳಿದದ್ದು ಓದಿದರಾಯಿತು. ಗುಬ್ಬಿ ಬದುಕಿದ್ದಾಳೆ. ಮೈಮೇಲೆ ಒಂದು ಗೀರೂ ಇಲ್ಲ. ನಾನೂ ಇದ್ದೇನೆ.

ಟೀವಿಯಲ್ಲಿ ಹಡಗಿನ ಹೊಗೆ ತೋರಿಸಿ, ಪ್ರಯಾಣಿಕರೆಲ್ಲ ಸುರಕ್ಷಿತ ಎಂದದ್ದನ್ನು ನೀವು ನೋಡಿರುತ್ತೀರಿ. ಕೆಲಸದವರ ಗತಿ ಏನಾಯಿತೆಂದು ಯಾರೂ ಹೇಳಲಿಲ್ಲವಂತೆ. ದಡ ಸೇರಿದ ಕೂಡಲೇ ಫೋನ್ ಮಾಡಿದೆ, ಮತ್ತೆ ಮತ್ತೆ ಮಾಡಿದೆ. ನೀವು ಎತ್ತಲಿಲ್ಲ. ನನ್ನ ನಂಬರ್ ಕಂಡರೆ ಎತ್ತಬಾರದೆಂಬ ಹಟವೋ, ಎತ್ತಿದರೆ ಏನು ಕೇಳಬೇಕಾದೀತೋ ಎಂಬ ಭಯವೋ, ನನಗೆ ಗೊತ್ತಿಲ್ಲ. ಹಾಗಾಗಿ ಈ ಕಾಗದ. ನಮ್ಮ ಹಡಗಿನ ಬೇಕರಿಯವನು ಸಂಜೆಯ ಬಸ್ಸಿಗೆ ನಿಮ್ಮ ಊರಿನ ಮೇಲೇ ಹೋಗುತ್ತಾನೆ. ಬೇರೆ ಯಾರ ಕೈಗೂ ಕೊಡಬಾರದು ಅಂತ ಅವನಿಂದ ಆಣೆ ಮಾಡಿಸಿಕೊಂಡಿದ್ದೇನೆ.

ನಮ್ಮ ಮುದುಕಿ ಹಡಗಿನ ಕತೆ ಮುಗಿಯಿತು. ಈ ಕಿಟಕಿಯಿಂದ ಕಾಣುತ್ತಾಳೆ. ಒಂದು ಪಕ್ಕ ಕರಿ ಹಿಡಿದು, ಸ್ವಲ್ಪ ವಾಲಿ ನಿಂತಿದ್ದಾಳೆ. ಅವಳ ಹಿಂದುಮುಂದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಆದರೂ ಬರೆಯುತ್ತೇನೆ, ಇನ್ನು ಅದನ್ನು ಹೇಳಿಕೊಳ್ಳಲು ಅವಳಿಗೆ ನಮ್ಮನ್ನು ಬಿಟ್ಟು ಯಾರಿದ್ದಾರೆ? ಹುಟ್ಟಿದಾಗ ಅವಳು ವಿಹಾರದ ಹಡಗೇ ಅಲ್ಲ. ಆ ದಡದಿಂದ ಈ ದಡಕ್ಕೆ ಲಾರಿ, ಜನ, ಮೂಟೆ ಸಾಗಿಸುತ್ತಿದ್ದಳು. ಆಮೇಲೆ ಯಾವನೋ ಮಾಲೀಕ ಕೊಂಡು, ಕುಂಬಳಕಾಯಿ ಹೆಚ್ಚಿದ ಹಾಗೆ ನಡುವಿಗೆ ಕತ್ತರಿಸಿ, ಮಧ್ಯೆ ಹೊಸ ತುಂಡೊಂದನ್ನು ಕೂರಿಸಿ ಬೆಸೆದ. ಆ ತುಂಡಿನಲ್ಲಿ ಈಜುಕೊಳ ಬಂತು, ನಾಟಕಶಾಲೆ ಬಂತು, ನೀವು ಹಲಗೆ ಹಲಗೆ ಆರಿಸಿ ಜೋಡಿಸಿದ ಕುಣಿತದ ನೆಲ ಬಂತು. ಮಾಲೀಕರು ಬದಲಾದ ಹಾಗೆಲ್ಲ ಹೆಸರೂ ಬದಲಾಯಿತು. ಸಂಜೆಯ ಓರೆ ಬಿಸಿಲು ಬಿದ್ದರೆ ಹೊಸ ಬಣ್ಣದಡಿಯಿಂದ ಹಳೆಯ ಹೆಸರಿನ ಅಕ್ಷರಗಳು ಏಳುತ್ತಿದ್ದವಲ್ಲ, ಅವನ್ನು ತೋರಿಸಿಯೇ ಅಲ್ಲವೇ ನೀವು ಮೊದಲ ಸಲ ನನ್ನನ್ನು ಮಾತಿಗೆ ಎಳೆದದ್ದು?

ಹೊಸದಾಗಿ ಮದುವೆಯಾದವರು ಬರುತ್ತಿದ್ದ ಕಾಲ ಹೋಗಿ, ನಿವೃತ್ತರು ಬರುವ ಕಾಲ ಬಂತು. ನಾನು ಚಾದರ ಮಡಿಸುವವಳಾಗಿದ್ದೆ, ಇಡೀ ಲಾಂಡ್ರಿಗೆ ಮೇಲ್ವಿಚಾರಕಿಯಾದೆ. ಟವೆಲಿನಲ್ಲಿ ಆನೆ ಮಾಡಿ ಹಾಸಿಗೆ ಮೇಲೆ ಕೂರಿಸಬೇಕೆಂದು ಮೇಲಿನಿಂದ ಅಪ್ಪಣೆಯಾದಾಗ, ಅದನ್ನೂ ಈ ವಯಸ್ಸಿನಲ್ಲಿ ಕಲಿತೆ. ನನ್ನ ಮೊದಮೊದಲ ಆನೆಗಳನ್ನು ನೋಡಿ ಒಬ್ಬ ಅಜ್ಜ, ಹಂದಿ ಬಹಳ ಚೆನ್ನಾಗಿದೆ ಎಂದು ಹೊಗಳಿದ್ದರು.

ನೋಡಿ, ವಿಷಯಕ್ಕೆ ಬರಲು ಹೆದರಿ ಎಲ್ಲೆಲ್ಲೋ ಸುತ್ತುತ್ತಿದ್ದೇನೆ.

ಬೆಂಕಿ ಬಿದ್ದದ್ದು ಗುರುವಾರ, ಬೆಳಗಿನ ತಿಂಡಿ ಮುಗಿದ ಮೇಲೆ. ಪ್ರಯಾಣಿಕರೆಲ್ಲ ಮೇಲೆ ಬಿಸಿಲಿಗೆ ಮೈ ಒಡ್ಡಿ ಮಲಗಿದ್ದರು. ಕೆಳಗೆ ನಮ್ಮ ಒಣಗಿಸುವ ಯಂತ್ರಗಳು ತಿರುಗುತ್ತಿದ್ದವು, ಒಮ್ಮೆಲೇ ನಿಂತವು. ದೀಪ ಮಿಣುಕಿತು. ಬಾಣಲೆಯಲ್ಲಿ ಎಣ್ಣೆ ಹೊತ್ತಿಕೊಂಡಂಥ ವಾಸನೆ ಬಂತು. ಇಂಧನದ ಕೊಳವೆ ಬಿರಿದು ಕಾದ ಎಂಜಿನ್ ಮೇಲೆ ಚಿಮ್ಮಿತ್ತಂತೆ, ಅದೆಲ್ಲ ಆಮೇಲೆ ತಿಳಿದದ್ದು. ನನ್ನ ಹುಡುಗಿಯರನ್ನು ಮೇಲಕ್ಕೆ ಅಟ್ಟಿ, ನಿಯಮದ ಪ್ರಕಾರ ನಾನು ಓಣಿಯಲ್ಲೇ ನಿಂತೆ. ಹೊಗೆ ಬಂದಾಗ ಕೆಳಗಿನವರೆಲ್ಲ ಮೆಟ್ಟಿಲು ಹತ್ತಿದರೇ ಎಂದು ನೋಡುವುದು ನನ್ನ ಪಾಲಿನ ಕೆಲಸ.

ಎಂಜಿನ್ ರೂಮಿನ ಬಾಗಿಲು ಆ ಓಣಿಗೇ ತೆರೆಯುತ್ತದೆ. ಪಕ್ಕದಲ್ಲಿ ಗೋಡೆಗೆ ಕೆಂಪು ಪೆಟ್ಟಿಗೆ, ಅದರೊಳಗೆ ಹಿಡಿಕೆ. ಬಾಗಿಲು ಮುಚ್ಚಿ ಅದನ್ನು ಎಳೆದರೆ ಒಳಗೆಲ್ಲ ಅನಿಲ ತುಂಬಿ ಬೆಂಕಿ ಉಸಿರುಗಟ್ಟಿ ಸಾಯುತ್ತದೆ. ಒಳಗೆ ಮನುಷ್ಯ ಇದ್ದರೆ ಅವನೂ ಸಾಯುತ್ತಾನೆ. ಎಲ್ಲರೂ ಹೊರಬಂದರೆಂದು ಖಾತ್ರಿಯಾಗದೆ ಅದನ್ನು ಮುಟ್ಟುವ ಹಾಗಿಲ್ಲ. ಹಾಗೆಂದು ಬಹಳ ಹೊತ್ತು ಬಿಡುವ ಹಾಗೂ ಇಲ್ಲ, ಬೆಂಕಿ ಎಣ್ಣೆ ಟ್ಯಾಂಕಿಗೆ ಹೋದರೆ ಮೇಲೆ ಮಲಗಿದ್ದವರೂ ಉಳಿಯುವುದಿಲ್ಲ.

ಗಂಡಸರು ಕರಿ ಮುಖ ಹೊತ್ತು, ಕೆಮ್ಮುತ್ತ ಒಬ್ಬೊಬ್ಬರೇ ಬಂದರು. ಚೀಫ್ ಎಂಜಿನಿಯರ್ ಹೆಸರು ಕೂಗಿದರು. ಎಲ್ಲರೂ ಓ ಎಂದರು. ಆ ಹೊತ್ತು ಅಲ್ಲೇ ಪಾಳಿಯಲ್ಲಿದ್ದ ಗುಬ್ಬಿಯ ಹೆಸರಿಗೆ ಯಾರೂ ಓಗೊಡಲಿಲ್ಲ. ಮತ್ತೆ ಕೂಗಿದರು. ವಾಕಿಟಾಕಿಯಲ್ಲಿ ಬರೀ ಗರಗರ.

ಚೀಫ್ ಕಾದರು. ಹೌದು, ಅದೇ ಚೀಫ್. ನಿಮ್ಮ ಜ್ವರವನ್ನು ನಂಬದೆ, ಕೆಲಸದ ಹೊತ್ತಿನಲ್ಲಿ ಮಲಗಿದ್ದ ಬಡಗಿ ಎಂದು ದೂರು ಕೊಟ್ಟು ನಿಮ್ಮನ್ನು ಹಡಗಿನಿಂದ ಇಳಿಸಿದವರು. ನೀವು ‘ಮೀಸೆ’ ಎಂದು ಬೈಯುತ್ತಿದ್ದವರು. ನಾನು ನಿಮ್ಮ ಜೊತೆ ಇಳಿಯಲಿಲ್ಲವೆಂದು ನನ್ನನ್ನೂ, ಓದು ಮುಗಿಸಿ ಅವರ ಕೈಕೆಳಗೇ ಕಿರಿಯ ಎಂಜಿನಿಯರ್ ಆಗಿ ಸೇರಿದಳೆಂದು ಗುಬ್ಬಿಯನ್ನೂ ನೀವು ದೂರ ಮಾಡಿದಿರಲ್ಲ, ಆ ಮನುಷ್ಯ ನಿಮ್ಮ ಮಗಳಿಗಾಗಿ ಕಾದರು.

ಬಾಗಿಲ ಬಳಿ ಫಿಟ್ಟರ್ ಮಾಮ ನೀರಿನ ಪೈಪು ಹಿಡಿದು ನಿಂತಿದ್ದರು. ಇಸ್ಪೀಟಿನಲ್ಲಿ ನಿಮಗೆ ಯಾವಾಗಲೂ ಸೋಲುತ್ತಿದ್ದ ಅದೇ ಮಾಮ. ಹುಡುಗಿ ಬಂದರೆ ದಾರಿ ಕಾಣಬೇಕೆಂದು ಬಾಗಿಲನ್ನು ಒಂದಿಷ್ಟು ತೆರೆದೇ ಇಟ್ಟು ನೀರು ಹೊಡೆಯುತ್ತಿದ್ದರು. ಬಾಗಿಲು ಕಾದು ಬಣ್ಣ ಗುಳ್ಳೆಗುಳ್ಳೆಯಾಗಿ ಏಳುತ್ತಿತ್ತು. ದೊಡ್ಡ ಚಾದರವನ್ನು ಒದರಿದಂಥ ಸದ್ದಾಯಿತು, ಅಷ್ಟೆ. ಸಂದಿಯಿಂದ ಬೆಂಕಿ ನಾಲಗೆ ಚಾಚಿತು. ಮಾಮನ ಎರಡೂ ಕೈ, ಕುತ್ತಿಗೆ, ಒಂದು ಕೆನ್ನೆ. ಅವರನ್ನು ಎಳೆದು ಹಾಕಿದರು. ಯಾರೋ ಬಾಗಿಲು ಮುಚ್ಚಿದರು. ಚೀಫ್ ಹಿಡಿಕೆ ಎಳೆದರು.

ಮಗಳು ಒಳಗಿದ್ದಾಳೆ ಎಂದೇ ನಾನು ತಿಳಿದಿದ್ದೆ. ಕೊಳೆ ಬಟ್ಟೆಯ ಚೀಲಗಳ ಮೇಲೆ ಕುಸಿದೆ. ಅಳು ಬರಲಿಲ್ಲ. ಗೋಡೆಯೊಳಗೆ ಅನಿಲ ಹರಿಯುವ ಸದ್ದನ್ನು ಕೇಳುತ್ತ ಕೂತೆ. ಅದನ್ನು ಇದಕ್ಕಿಂತ ಹೆಚ್ಚು ಬರೆಯಲಾರೆ.

ಸ್ವಲ್ಪ ಹೊತ್ತಿಗೆ ಅವಳು ಮುಂದಿನ ಮೆಟ್ಟಿಲಿನಿಂದ ಇಳಿದು ಬಂದಳು. ಕೂದಲ ತುಂಬ ಮಸಿ, ಕೈಯಲ್ಲಿ ಯಾರದೋ ಜೀವರಕ್ಷಕ ಅಂಗಿ. ಬೆಂಕಿ ಹತ್ತಿದಾಗ ಹಿಂಬದಿಯ ಪಂಪಿನ ಕೋಣೆಯಲ್ಲಿದ್ದಳಂತೆ. ಹೊಗೆ ಕಂಡ ಕೂಡಲೇ ಆಪತ್ತಿನ ಏಣಿ ಹತ್ತಿ, ಹಿಂಬದಿಯ ಡೆಕ್ಕಿಗೆ ಬಂದು, ಅಲ್ಲಿ ಮುದುಕರಿಗೆ ಅಂಗಿ ತೊಡಿಸುತ್ತಿದ್ದಳಂತೆ. ವಾಕಿಟಾಕಿ ಸತ್ತಿತ್ತು. ತನಗಾಗಿ ಯಾರಾದರೂ ಕಾಯುತ್ತಿರಬಹುದು ಎಂಬುದು ಹೊಳೆದಾಗ ಓಡಿ ಬಂದಿದ್ದಳು. ನನ್ನನ್ನು ನೋಡಿ, “ಅಮ್ಮಾ, ಯಾಕ್ ಹೀಗ್ ಕೂತಿದೀಯ?” ಎಂದಳು. ಎದ್ದು ಕೆನ್ನೆಗೆ ಒಂದು ಬಿಟ್ಟೆ. ಆಮೇಲೆ ತಬ್ಬಿಕೊಂಡೆ. ಆಮೇಲೆ ಅಳು ಬಂತು.

ಹಡಗನ್ನು ಎಳೆಯುವ ದೋಣಿ ಬಂದು ನಮ್ಮನ್ನು ದಡ ಸೇರಿಸುವವರೆಗೆ ಕರೆಂಟಿಲ್ಲ, ನೀರಿಲ್ಲ. ಒಗೆದು ಇಟ್ಟಿದ್ದ ಚಾದರಗಳನ್ನೆಲ್ಲ ಹೊರಗೆ ತೆಗೆದೆ. ಜನ ಡೆಕ್ಕಿನ ಮೇಲೆ ಅವನ್ನೇ ಹಾಸಿ, ಅವನ್ನೇ ಹೊದ್ದು ಮಲಗಿದರು. ಮುದುಕಿಯ ಹೊಟ್ಟೆಯಲ್ಲಿ ಮೊದಲ ಸಲ ಏನೂ ಸದ್ದಿರಲಿಲ್ಲ. ಅದೇ ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸಿತು.

ಮಾಮ ಇಲ್ಲಿಯ ಆಸ್ಪತ್ರೆಯಲ್ಲಿದ್ದಾರೆ. ಜೀವಕ್ಕೆ ಭಯವಿಲ್ಲ, ಕಣ್ಣುಗಳೂ ಉಳಿದಿವೆ. ಬಲಗೈ ಬೆರಳುಗಳ ಬಗ್ಗೆ ಡಾಕ್ಟರು ಬಾಯಿ ಬಿಡುತ್ತಿಲ್ಲ. ನಿನ್ನೆ ಅವರ ಹೆಂಡತಿ ಬಂದರು. ಅವರ ಮುಖ ಹೇಗೆ ನೋಡಲಿ ಎಂದು ನಾನು ಕಂಬದ ಮರೆಗೆ ಸರಿದರೆ, ಅವರೇ ಹುಡುಕಿಕೊಂಡು ಬಂದು ಕೈ ಹಿಡಿದರು. “ನಿಮ್ಮ ಹುಡುಗಿ ಉಳಿದ್ಲಲ್ಲ ಅಕ್ಕ, ನಮ್ಮನೆಯವ್ರು ಅದನ್ನೇ ಕೇಳ್ತಿದ್ರು,” ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಗುಬ್ಬಿ ಆಸ್ಪತ್ರೆಯ ಬೆಂಚು ಬಿಟ್ಟು ಏಳುವುದಿಲ್ಲ. ಅನ್ನ ಮುಟ್ಟುವುದಿಲ್ಲ. ತನ್ನ ಕೈಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಾಳೆ. ನನ್ನ ಹತ್ತಿರ ಅವಳು ಮೊದಲು ಕೇಳಿದ್ದು ಇದು: “ನಾನು ಆಗ್ಲೇ ಮೇಲೆ ಬಂದಿದ್ನಲ್ಲಮ್ಮ. ಯಾರಿಗೋಸ್ಕರ ಕಾಯ್ದ್ರಿ?” ತಂದಿದ್ದ ಅನ್ನದ ಡಬ್ಬಿಯ ಮುಚ್ಚಳ ತೆಗೆದು ಅವಳ ಮುಂದೆ ಹಿಡಿದೆ. ಅದನ್ನು ಪಕ್ಕಕ್ಕೆ ಸರಿಸಿ, ಅಪ್ಪ ಸುದ್ದಿ ನೋಡಿರ್ತಾರಾ, ಫೋನ್ ಮಾಡಿದ್ರಾ ಎಂದಳು. ಲೈನ್ ಸಿಗುತ್ತಿಲ್ಲ ಎಂದೆ. ನಿಮ್ಮ ಪರವಾಗಿ ಹೇಳಿದ ಸುಳ್ಳು ಅದು. ನಿಮಗಾಗಿ ಇನ್ನೊಂದು ಹೇಳಿಸಬೇಡಿ.

ಇನ್ನೊಂದು ಚಿಂತೆ ಇದೆ. ನಾಡಿದ್ದು ವಿಚಾರಣೆ. ಕಂಪನಿಯವರು ಕೇಳುತ್ತಿರುವುದು ಒಂದೇ ಮಾತು, ಬೆಂಕಿ ಕಂಡ ಕೂಡಲೇ ಅನಿಲ ಏಕೆ ಬಿಡಲಿಲ್ಲ? ತಡ ಮಾಡಿದ್ದರಿಂದ ವಿದ್ಯುತ್ ತಂತಿಗಳೆಲ್ಲ ಸುಟ್ಟವಂತೆ, ಹಡಗು ಗುಜರಿಗೆ ಬೀಳುವ ಹಾಗಾಯಿತಂತೆ, ಒಬ್ಬ ಮನುಷ್ಯ ಬೆಂದನಂತೆ. ಚೀಫ್ ಅವರ ಪರವಾನಗಿಯೇ ಹೋಗಬಹುದು ಎಂದು ಎಲ್ಲರೂ ಪಿಸುಗುಡುತ್ತಿದ್ದಾರೆ. ನಿನ್ನೆ ಅವರು ವಸತಿಗೃಹದ ಮೆಟ್ಟಿಲಲ್ಲಿ ಸಿಕ್ಕರು. ಅರ್ಧ ಮೀಸೆ ಸುಟ್ಟು ಹೋಗಿತ್ತು, ಉಳಿದದ್ದನ್ನು ಬೋಳಿಸಿಬಿಟ್ಟಿದ್ದಾರೆ. ಇನ್ನು ಬೈಯಲು ನೀವು ಬೇರೆ ಹೆಸರು ಹುಡುಕಬೇಕು. ಆಚೀಚೆ ನೋಡಿ, ಮೆಲ್ಲಗೆ, “ನಿಮ್ಮನ್ನ ಕರೆದು ಕೇಳಿದ್ರೆ ಏನೂ ಗೊತ್ತಿಲ್ಲ ಅಂದ್ಬಿಡಿ. ಕಾದಿದ್ದು ನಾನು, ಜವಾಬ್ದಾರಿ ನಂದು,” ಎಂದರು. ಮರುಮಾತು ಕೇಳಲು ನಿಲ್ಲಲಿಲ್ಲ.

ನೀವು ಬರಬೇಕು. ನನಗಾಗಿ ಅಲ್ಲ, ನಮ್ಮಿಬ್ಬರ ಲೆಕ್ಕ ಹಾಗೇ ಇರಲಿ. ಗುಬ್ಬಿ ಚಿಕ್ಕವಳಿದ್ದಾಗ ಜ್ವರ ಬಂದರೆ ನಿಮ್ಮ ಹೆಗಲ ಮೇಲೆ ಮಾತ್ರ ನಿದ್ದೆ ಮಾಡುತ್ತಿದ್ದಳು. ಈಗ ಅವಳು ಹೊರುವಷ್ಟು ಚಿಕ್ಕವಳಲ್ಲ ನಿಜ. ಪಕ್ಕದಲ್ಲಿ ಕೂತರೂ ಸಾಕು. ಮಾಮನನ್ನೂ ನೋಡಿದ ಹಾಗಾಗುತ್ತದೆ. ಚೀಫ್ ಎದುರಾದರೆ ಮಾತನಾಡಿಸಲೇಬೇಕೆಂದಿಲ್ಲ. ಮುಖ ತಿರುಗಿಸಬೇಡಿ, ಅಷ್ಟೇ ಕೇಳುತ್ತೇನೆ.

ಬೇಕರಿಯವನು ಬಾಗಿಲಲ್ಲಿ ನಿಂತು ಬಸ್ಸು ಬಸ್ಸು ಎನ್ನುತ್ತಿದ್ದಾನೆ.

ಇಂತಿ,
ಗುಬ್ಬಿಯ ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದ್ದೇನೆ. ಚೀಫ್ ಕಾಯಲಿಲ್ಲ. ಎರಡನೆಯ ಸಲ ಕೂಗಿ, ಉತ್ತರ ಬರದಿದ್ದಾಗ, ಕಣ್ಣಲ್ಲಿ ನೀರು ತುಂಬಿಕೊಂಡೇ ಹಿಡಿಕೆಗೆ ಕೈ ಹಾಕಲು ಬಂದರು. ನಾನು ಪೆಟ್ಟಿಗೆಗೆ ಬೆನ್ನು ಕೊಟ್ಟು ಅಡ್ಡ ನಿಂತೆ. ಮಾಮ ಬೇಯುವವರೆಗೂ ಸರಿಯಲಿಲ್ಲ. ಅವರು ನನ್ನನ್ನು ತಳ್ಳಬಹುದಿತ್ತು, ತಳ್ಳಲಿಲ್ಲ. ನಾಡಿದ್ದು ನಾನು ಇದನ್ನೇ ಹೇಳುತ್ತೇನೆ. ಅದಕ್ಕೂ ಮುಂಚೆ ಗುಬ್ಬಿಗೆ ಹೇಳಬೇಕು. ಅದನ್ನು ಕೇಳಿ ಅವಳು ನನ್ನ ಬಳಿಯಿಂದ ಎದ್ದು ಹೋದರೆ ಹೋಗಲು ಅವಳಿಗೊಂದು ಕಡೆ ಇರಬೇಕು. ಅದಕ್ಕೇ ಬನ್ನಿ ಎಂದದ್ದು.